ಕಲ್ಯಾಣದ ಎರಡು ವಾಣಿಗಳು: ಮಿತಾಕ್ಷರವೂ ವಚನವೂ

ಕಲ್ಯಾಣವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಮಹಾಮನೆ, ಅನುಭವ ಮಂಟಪ ಮತ್ತು ಶರಣರ ಗಡಣ. ಇದು ಸಹಜವೇ ಸರಿ. ಆದರೆ ಬಸವಣ್ಣನವರು ಆ ಪಟ್ಟಣಕ್ಕೆ ಬರುವುದಕ್ಕೆ ಕೆಲವು ದಶಕಗಳ ಮೊದಲು ಅಲ್ಲಿಯೇ ಇನ್ನೊಂದು ಗ್ರಂಥ ಸಿದ್ಧವಾಯಿತೆಂಬುದನ್ನು ವಚನಾಭ್ಯಾಸಿಗಳು ಅಷ್ಟಾಗಿ ನೆನೆಯುವುದಿಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನೆಂಬ ಯತಿಯು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಆ ಗ್ರಂಥ. ಅದರ ಹೆಸರು 'ಮಿತಾಕ್ಷರ'. ಇಂದಿನ ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಈ ವ್ಯಾಖ್ಯಾನಕಾರನ ಹೆಸರು ಬೆಸೆದುಕೊಂಡಿದೆ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ಪಟ್ಟಣವನ್ನೂ ಅದನ್ನಾಳಿದ ದೊರೆಯನ್ನೂ ಮನಸಾರೆ ಹೊಗಳಿದ್ದಾನೆ. ಆಸ್ತಿಯನ್ನು ತೊರೆದ ಸಂನ್ಯಾಸಿಯೊಬ್ಬನು ಆಸ್ತಿಯ ಹಂಚಿಕೆಯ ಬಗೆಗೆ ಬರೆದ ಈ ವ್ಯಾಖ್ಯಾನವು, ಬಂಗಾಳ ಮೊದಲಾದ ಕೆಲವು ಪ್ರಾಂತಗಳನ್ನು ಬಿಟ್ಟರೆ, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ದಾಯಭಾಗವನ್ನು ಎಂಟು ಶತಮಾನಕ್ಕೂ ಮೀರಿ ಆಳಿತು.

ಹೀಗೆ ಒಂದೇ ಊರು ನಾಡಿಗೆ ಎರಡು ವಾಣಿಗಳನ್ನು ಕೊಟ್ಟಿತು. ಒಂದು ಸಂಸ್ಕೃತದಲ್ಲಿ, ಹುಟ್ಟಿನಿಂದ ಬರುವ ಹಕ್ಕನ್ನು ಕುರಿತು. ಇನ್ನೊಂದು ಕನ್ನಡದಲ್ಲಿ, ಹುಟ್ಟಿನ ಹಿರಿಮೆಯನ್ನೇ ಪ್ರಶ್ನಿಸಿ. ವೀರಶೈವ ಗೃಹಸ್ಥನು ಪೂಜೆಯ ಕೋಣೆಯಲ್ಲಿ ಎರಡನೆಯದನ್ನು ಹಾಡುತ್ತಾನೆ. ಆದರೆ ತಂದೆ ಲಿಂಗೈಕ್ಯನಾದ ಮೇಲೆ ಪಡಸಾಲೆಯಲ್ಲಿ ಪಾಲುಪಟ್ಟಿಯ ಕಾಗದ ಹರಡಿದಾಗ ಅವನ ಬಾಯಿಂದ ಹೊರಡುವುದು ಮೊದಲನೆಯದೇ. ಈ ಎರಡು ವಾಣಿಗಳಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಯಾವುದು ಏನನ್ನು ಕೊಟ್ಟಿತು, ಯಾವುದನ್ನು ನಾವು ಹೇಗೆ ಓದಿದೆವು ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾನೂನು ನಮ್ಮನ್ನು ಸೇರಿಸಿಕೊಂಡ ಬಗೆ

ಇದು ವೀರಶೈವರಿಗೆ ಸಂಬಂಧಿಸದ ವಿಷಯವೆಂದು ಕೆಲವರು ತಿಳಿಯಬಹುದು. ಆದರೆ 1955ರ ಹಿಂದೂ ವಿವಾಹ ಅಧಿನಿಯಮವನ್ನೂ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವನ್ನೂ ತೆರೆದು ಎರಡನೆಯ ಪ್ರಕರಣವನ್ನು ಓದಿದರೆ, ಅಲ್ಲಿ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳೇ ಕಾಣುತ್ತವೆ. ಬ್ರಾಹ್ಮ ಸಮಾಜ, ಪ್ರಾರ್ಥನಾ ಸಮಾಜ, ಆರ್ಯ ಸಮಾಜಗಳ ಅನುಯಾಯಿಗಳೊಂದಿಗೆ ನಮ್ಮನ್ನೂ ಹೆಸರಿಟ್ಟು ಆ ಅಧಿನಿಯಮಗಳ ವ್ಯಾಪ್ತಿಯಲ್ಲಿ ಸೇರಿಸಲಾಗಿದೆ. ವೀರಶೈವವು ಸ್ವತಂತ್ರ ಧರ್ಮವೇ ಅಲ್ಲವೇ ಎಂಬ ಚರ್ಚೆ ಬೇರೆಯದು. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆ ಚರ್ಚೆಯಲ್ಲಿ ಯಾವ ಪಕ್ಷ ವಹಿಸಿದವನೂ ತನ್ನ ಹೊಲದ ಪಹಣಿಯ ವಿಷಯ ಬಂದಾಗ ಇದೇ ಅಧಿನಿಯಮಕ್ಕೆ ಒಳಪಟ್ಟವನು ಎಂಬುದಷ್ಟೇ ಪ್ರಸ್ತುತ.

ವಿಜ್ಞಾನೇಶ್ವರನ ತರ್ಕ

ಮಿತಾಕ್ಷರವನ್ನು ಸ್ತ್ರೀವಿರೋಧಿ ಗ್ರಂಥವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಾಗದು. ಅದನ್ನು ಗಮನವಿಟ್ಟು ಓದಿದವರಿಗೆ ಮೂರು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು ಸಪಿಂಡ ಎಂಬ ಶಬ್ದದ ಅರ್ಥ. ಸತ್ತವನಿಗೆ ಪಿಂಡವಿಡುವ ಅಧಿಕಾರವುಳ್ಳವನೇ ಸಪಿಂಡ, ಅವನೇ ಆಸ್ತಿಗೆ ಅರ್ಹ ಎಂಬುದು ಬಂಗಾಳದ ದಾಯಭಾಗ ಪಂಥದ ನಿಲುವು. ವಿಜ್ಞಾನೇಶ್ವರನು ಈ ದಾರಿಯನ್ನು ಹಿಡಿಯಲಿಲ್ಲ. ಪಿಂಡವೆಂದರೆ ದೇಹ, ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದು ಅವನು ಅರ್ಥ ಮಾಡಿದನು. ಅನ್ನದ ಉಂಡೆಯಿಂದ ರಕ್ತಸಂಬಂಧಕ್ಕೆ ದಾಯದ ಆಧಾರವನ್ನು ಸರಿಸಿದ್ದು ಅವನ ಪ್ರತಿಭೆಯ ಗುರುತು.

ಎರಡನೆಯದು ಅವಿವಾಹಿತ ಮಗಳ ಚತುರ್ಥಾಂಶ. ತಂದೆಯ ನಂತರ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದು ಭಾಗ ಕೊಡಬೇಕೆಂದು ಸ್ಮೃತಿ ಹೇಳುತ್ತದೆ. ಇದರ ಅರ್ಥ ಮದುವೆಯ ಖರ್ಚಿಗೆ ಸಾಕಾಗುವಷ್ಟು ಹಣವೆಂದು ಹಳೆಯ ವ್ಯಾಖ್ಯಾನಕಾರರಲ್ಲಿ ಕೆಲವರು ತಿಳಿದಿದ್ದರು. ವಿಜ್ಞಾನೇಶ್ವರನು ಅದನ್ನು ನಿರಾಕರಿಸಿ, ತಂದೆಯ ಕಾಲಾನಂತರ ಮಗಳೂ ಪಾಲಿಗೆ ಬಾಧ್ಯಳು ಎಂದೇ ಸಾಧಿಸಿದನು.

ಮೂರನೆಯದು ಸ್ತ್ರೀಧನ. ಮದುವೆಯ ಸಮಯದಲ್ಲಿ ತವರಿನವರು ಕೊಟ್ಟ ಒಡವೆ ವಸ್ತುಗಳಷ್ಟೇ ಅಲ್ಲದೆ, ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದುದೆಲ್ಲವೂ ಅವಳ ಸ್ತ್ರೀಧನವೇ ಎಂದು ಅವನು ವ್ಯಾಪ್ತಿಯನ್ನು ಹಿಗ್ಗಿಸಿದನು. ಆಂಗ್ಲರ ಆಳ್ವಿಕೆಯಲ್ಲಿ ಈ ವ್ಯಾಪ್ತಿ ಮತ್ತೆ ಕುಗ್ಗಿತು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳು ಆ ಭಾಷಾಂತರವನ್ನೇ ಆಧಾರವಾಗಿ ಹಿಡಿದವು. ಆದರೆ ಹೆಣ್ಣು ಉತ್ತರಾಧಿಕಾರದಿಂದ ಪಡೆದ ಆಸ್ತಿ ಅವಳ ಪೂರ್ಣ ಸ್ವತ್ತೆಂಬ ವಿಜ್ಞಾನೇಶ್ವರನ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಅವಳು ಬದುಕಿರುವತನಕ ಅನುಭವಿಸಬಹುದು, ಅವಳ ನಂತರ ಅದು ಹಿಂದಿನ ಗಂಡಸಿನ ವಾರಸುದಾರರಿಗೆ ಮರಳುತ್ತದೆ ಎಂಬ ಸೀಮಿತ ಹಕ್ಕೇ ಉಳಿಯಿತು. ನಮ್ಮ ಶಾಸ್ತ್ರ ಹೀಗೆ ಹೇಳುತ್ತದೆ ಎಂದು ಹಿರಿಯರು ಹೇಳಿಕೊಂಡು ಬಂದುದರಲ್ಲಿ ಎಷ್ಟೋ ಭಾಗ ಶಾಸ್ತ್ರದ್ದಲ್ಲ, ಶಾಸ್ತ್ರವನ್ನು ಓದಿದ ಪರದೇಶದ ನ್ಯಾಯಪೀಠದ್ದು.

ಇಷ್ಟೆಲ್ಲ ಹೇಳಿದ ಮೇಲೆ ವಿಜ್ಞಾನೇಶ್ವರನು ಎಲ್ಲಿ ನಿಂತನೆಂಬುದನ್ನೂ ಹೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅವನ ಮುಖ್ಯ ಸಿದ್ಧಾಂತ. ಆ ಹಕ್ಕು ಮಗ, ಮೊಮ್ಮಗ, ಮರಿಮಗನಿಗೆ ಮಾತ್ರ. ದೇಹದ ಅಂಶವೇ ಸಂಬಂಧದ ಮೂಲವಾದರೆ ಮಗಳ ದೇಹದಲ್ಲಿ ತಂದೆಯ ಅಂಶ ಮಗನಿಗಿಂತ ಕಡಮೆಯೇ ಎಂಬ ಪ್ರಶ್ನೆ ಅವನ ತರ್ಕದಿಂದಲೇ ಹುಟ್ಟುತ್ತದೆ. ಅವನು ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡಲಿಲ್ಲ.

ವಚನಗಳು ಹೇಳಿದುದು, ಹೇಳದೆ ಬಿಟ್ಟುದು

ಇನ್ನು ಕಲ್ಯಾಣದ ಎರಡನೆಯ ವಾಣಿಯತ್ತ ಬರೋಣ. ಎಂಟುನೂರು ವರ್ಷಗಳ ಹಿಂದೆಯೇ ಶರಣರು ಹೆಣ್ಣಿಗೆ ಆಸ್ತಿಯ ಹಕ್ಕು ಕೊಟ್ಟರೆಂದು ಬಸವ ಜಯಂತಿಯ ವೇದಿಕೆಗಳಲ್ಲಿ ಕೇಳುತ್ತೇವೆ. ಅಭಿಮಾನದಿಂದ ಆಡಿದ ಮಾತಾದರೂ ಇದು ಪಠ್ಯಕ್ಕೆ ನಿಷ್ಠವಾದ ಮಾತಲ್ಲ. ವಚನಗಳು ದಾಯಭಾಗದ ಗ್ರಂಥಗಳಲ್ಲ. ಮಗಳಿಗೆ ಎಷ್ಟು ಪಾಲು, ವಿಧವೆಗೆ ಎಷ್ಟು, ದತ್ತಕನಿಗೆ ಎಷ್ಟು ಎಂಬ ವಿಧಿಯನ್ನು ಯಾವ ಶರಣನೂ ಬರೆಯಲಿಲ್ಲ. ಇಲ್ಲದ್ದನ್ನು ಇದೆಯೆಂದು ಹೇಳುವುದರಿಂದ ವಚನಗಳ ಗೌರವ ಹೆಚ್ಚುವುದಿಲ್ಲ. ನಮ್ಮ ಇಂದಿನ ಹೊಣೆಯನ್ನು ಹಿಂದಿನವರ ಹೆಗಲಿಗೆ ಹೊರಿಸಿ ನಾವು ಹಗುರಾಗುತ್ತೇವೆ, ಅಷ್ಟೆ.

ಹಾಗಾದರೆ ವಚನಗಳಲ್ಲಿರುವುದೇನು? ಇಷ್ಟಲಿಂಗ ದೀಕ್ಷೆ ಹೆಣ್ಣಿಗೂ ಗಂಡಿಗೂ ಸಮಾನ. ಕಾಯಕವೂ ಅಷ್ಟೆ. ದೇಹದ ಚಿಹ್ನೆಗಳಿಂದ ಹೆಣ್ಣು ಗಂಡೆಂದು ಕರೆಯುತ್ತೇವೆಯೇ ಹೊರತು ಒಳಗಿರುವ ಚೇತನಕ್ಕೆ ಆ ಭೇದವಿಲ್ಲ ಎಂಬ ಭಾವ ಜೇಡರ ದಾಸಿಮಯ್ಯನಲ್ಲಿ ಸ್ಪಷ್ಟವಾಗಿದೆ. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನೇ ತಿದ್ದಿದಳು. ಮನೆಯ ಐಶ್ವರ್ಯದ ನ್ಯಾಯಾನ್ಯಾಯವನ್ನು ನಿರ್ಣಯಿಸುವ ಅಧಿಕಾರ ಅಲ್ಲಿ ಹೆಣ್ಣಿನದು.

ಇವೆಲ್ಲಕ್ಕಿಂತ ದಾಯದ ಪ್ರಶ್ನೆಗೆ ಹತ್ತಿರವಾದುದು ಪಂಚಸೂತಕಗಳ ನಿರಾಕರಣೆ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ಪ್ರೇತಸೂತಕವನ್ನು ಒಪ್ಪದಿರುವುದೆಂದರೆ ಸತ್ತವನು ಪ್ರೇತನಾಗಿ ಅಲೆಯುತ್ತಾನೆ, ಪಿಂಡವಿಟ್ಟು ಅವನನ್ನು ಸದ್ಗತಿಗೆ ಕಳುಹಿಸಬೇಕು ಎಂಬುದನ್ನು ಒಪ್ಪದಿರುವುದು. ಶರಣನಿಗೆ ಮರಣವೆಂಬುದು ಲಿಂಗೈಕ್ಯ. ಅವನಿಗೆ ಸಮಾಧಿಯುಂಟು, ಗಣಾರಾಧನೆಯುಂಟು. ಅವನಿಗಾಗಿ ಪಿಂಡಪ್ರದಾನವಿಲ್ಲ.

ಈ ಒಂದು ನಿರಾಕರಣೆಯ ಪರಿಣಾಮವನ್ನು ನಾವು ಪೂರ್ತಿಯಾಗಿ ಎಣಿಸಿಲ್ಲ. ಧರ್ಮಶಾಸ್ತ್ರಗಳಲ್ಲಿ ಪುತ್ರನಿಗೆ ಸಂದ ಹಿರಿಮೆಯ ಬೇರು ಪಿತೃಗಳ ಉದ್ಧಾರದಲ್ಲಿದೆ. ಮಗನಿಲ್ಲದವನಿಗೆ ಗತಿಯಿಲ್ಲ ಎಂಬ ಭಯವೇ ದತ್ತಕಕ್ಕೂ, ಎರಡನೆಯ ಮದುವೆಗೂ, ಹೆಣ್ಣು ಹುಟ್ಟಿದಾಗಿನ ನಿಟ್ಟುಸಿರಿಗೂ ಕಾರಣ. ಪಿಂಡವೇ ಬೇಡವೆಂದ ಮತದಲ್ಲಿ ಈ ಭಯಕ್ಕೆ ಎಡೆಯೆಲ್ಲಿ? ಹಾಗಿದ್ದೂ ಇಷ್ಟಲಿಂಗ ಕಟ್ಟಿಕೊಂಡ ಮನೆಯಲ್ಲಿ ಗಂಡುಸಂತಾನದ ಹಂಬಲ ಉಳಿದುಕೊಂಡಿತು. ಕಲ್ಯಾಣದ ಎರಡನೆಯ ವಾಣಿ ಕಿತ್ತ ಬೇರನ್ನು ನಾವು ಮೊದಲನೆಯ ವಾಣಿಯ ನೆಲದಲ್ಲಿ ಮತ್ತೆ ನೆಟ್ಟುಕೊಂಡೆವು.

ಮಗನಿಲ್ಲದ ಮನೆ: ನಮ್ಮ ಸೀಮೆಯ ಬಸವಿ

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ನಮ್ಮ ಸೀಮೆಯೇ ಒಂದು ಕಠಿನ ನಿದರ್ಶನವನ್ನು ಇಟ್ಟುಕೊಂಡಿದೆ. ಅದೇ ಬಸವಿ ಬಿಡುವ ಪದ್ಧತಿ.

1904ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ಈ ಪದ್ಧತಿಯ ವಿವರವಿದೆ. ಗಂಡುಮಕ್ಕಳಿಲ್ಲದ ತಂದೆತಾಯಿಗಳು ದತ್ತಕ ತೆಗೆದುಕೊಳ್ಳುವ ಬದಲು ಒಬ್ಬ ಮಗಳನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದರು. ಅಂದಿನಿಂದ ಅವಳು ಮಗನಿಗೆ ಸಮಾನಳು. ತಂದೆಯ ಆಸ್ತಿಗೆ ವಾರಸುದಾರಳು, ತಂದೆಯ ಅಂತ್ಯಕ್ರಿಯೆಗೆ ಅಧಿಕಾರಿಣಿ. ಅವಳಿಗೆ ಮದುವೆಯಿಲ್ಲ. ಅವಳ ಮಕ್ಕಳು ತಮ್ಮನ್ನು ಹುಟ್ಟಿಸಿದವನ ಹೆಸರನ್ನು ಹೇಳದೆ ತಾಯಿಯ ತಂದೆಯ ಹೆಸರನ್ನೂ ಬೆಡಗನ್ನೂ ಹೇಳುತ್ತಾರೆ. ಬೇಡ ಸಮುದಾಯದಲ್ಲಿಯೂ ದಲಿತ ಸಮುದಾಯಗಳಲ್ಲಿಯೂ ಈ ಪದ್ಧತಿ ಬಳಕೆಯಲ್ಲಿತ್ತು.

ಇದನ್ನು ಕೇವಲ ಮೂಢಾಚಾರವೆಂದು ಕರೆದು ಮುಂದೆ ಸಾಗಿದರೆ ಅದರ ಒಳಗಿನ ಯಂತ್ರ ನಮಗೆ ಕಾಣುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಗಂಡುಮಕ್ಕಳಿಲ್ಲದೆ ಸತ್ತವನ ಅಂಶವು ಬದುಕುಳಿದ ಅಣ್ಣತಮ್ಮಂದಿರಿಗೆ ಸೇರಿಹೋಗುತ್ತಿತ್ತು. ಮಗಳಿಗೆ ಏನೂ ಇಲ್ಲ. ಬೇರೆಯಾದ ಕುಟುಂಬದಲ್ಲಿಯೂ ವಿಧವೆಯ ನಂತರವೇ ಮಗಳ ಸರದಿ, ಅದೂ ಜೀವಿತಾವಧಿಯ ಹಕ್ಕು. ಹೆಣ್ಣುಮಗುವನ್ನು ದತ್ತಕ ತೆಗೆದುಕೊಳ್ಳುವ ದಾರಿಯೂ 1956ರ ದತ್ತಕ ಮತ್ತು ಜೀವನಾಂಶ ಅಧಿನಿಯಮದವರೆಗೆ ತೆರೆದಿರಲಿಲ್ಲ. ಇಂಥಲ್ಲಿ ತನ್ನ ತುಂಡು ಹೊಲ ದಾಯಾದಿಗಳ ಪಾಲಾಗದಿರಲೆಂದು ಬಯಸಿದ ಬಡವನು ಮಗಳನ್ನು ಮಗನನ್ನಾಗಿ ಮಾಡಿದನು. ಮಗಳು ಮಗಳಾಗಿಯೇ ವಾರಸುದಾರಳಾಗುವಂತಿದ್ದರೆ ಅವಳನ್ನು ದೇವರಿಗೆ ಬಿಡುವ ಒಂದು ದೊಡ್ಡ ಕಾರಣವೇ ಇರುತ್ತಿರಲಿಲ್ಲ. ಆಸ್ತಿಯ ಹಕ್ಕಿಗೆ ಅವಳು ತೆತ್ತ ಬೆಲೆ ತನ್ನ ಮದುವೆ, ತನ್ನ ಮಾನ, ತನ್ನ ಮಕ್ಕಳಿಗೆ ತಂದೆಯ ಹೆಸರು.

ಇಲ್ಲಿ ಶಬ್ದದ ಕಡೆಗೂ ಗಮನ ಕೊಡಬೇಕು. ದೇವರ ಹೆಸರಿನಲ್ಲಿ ಬಿಟ್ಟ ಗೂಳಿ ಬಸವ. ಹಾಗೆ ಬಿಟ್ಟ ಹೆಣ್ಣು ಬಸವಿ. ಹೆಣ್ಣಿಗೆ ಲಿಂಗವನ್ನು ಕೊಟ್ಟು ಗೌರವಿಸಿದ ಮಹಾನುಭಾವನ ಹೆಸರೂ, ಹೆಣ್ಣುತನವನ್ನು ಅಡವಿಟ್ಟು ಹೊಲವನ್ನು ಪಡೆದ ಹುಡುಗಿಯ ಹೆಸರೂ ಒಂದೇ ಧಾತುವಿನಿಂದ ಹೊರಟಿವೆ. ಈ ನೆಲದಲ್ಲಿ ವಚನ ಓದುವವರು ಈ ವಿಪರ್ಯಾಸವನ್ನು ಕಾಣದೆ ಹೋಗಬಾರದು.

ಬಳ್ಳಾರಿ ಜಿಲ್ಲೆಯು ಮದ್ರಾಸಿಗೆ ಸೇರಿದ್ದಾಗಲೇ 1947ರ ಮದ್ರಾಸ್ ದೇವದಾಸಿ ಸಮರ್ಪಣ ನಿರೋಧ ಅಧಿನಿಯಮ ಬಂದಿತು. ಮುಂದೆ 1982ರಲ್ಲಿ ಕರ್ನಾಟಕವೂ ನಿಷೇಧದ ಅಧಿನಿಯಮವನ್ನು ರೂಪಿಸಿತು. ಆದರೂ ರಾಜ್ಯದಲ್ಲಿ 1993–94 ಮತ್ತು 2007–08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರು ಗುರುತಿಸಲ್ಪಟ್ಟರು. ಉಚ್ಚಂಗಿದುರ್ಗದ ಹುಣ್ಣಿಮೆಯ ಜಾತ್ರೆಯಲ್ಲಿ ಅಧಿಕಾರಿಗಳು ಕಾವಲು ನಿಲ್ಲಬೇಕಾಗಿ ಬಂದುದನ್ನು ನಮ್ಮ ತಾಲ್ಲೂಕಿನವರೆಲ್ಲರೂ ಬಲ್ಲರು. ದಂಡನೆಯ ಕಾನೂನು ಪದ್ಧತಿಯ ಕೊಂಬೆಯನ್ನು ಕಡಿಯಿತು. ಅದರ ಬೇರು ದಾಯದ ಕಾನೂನಿನಲ್ಲಿಯೂ ಬಡತನದಲ್ಲಿಯೂ ಇತ್ತು.

ಮೆಟ್ಟಿಲು ಮೆಟ್ಟಿಲಾಗಿ ಬಂದ ಹಕ್ಕು

ಆ ಬೇರನ್ನು ಮುಟ್ಟಿದ ಕಾನೂನುಗಳ ಚರಿತ್ರೆ ನಿಧಾನವಾದದ್ದು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಕುಟುಂಬದ ವಿಭಾಗದಲ್ಲಿ ತಾಯಿ, ವಿಧವೆ ಮತ್ತು ಅವಿವಾಹಿತ ಹೆಣ್ಣುಮಕ್ಕಳಿಗೆ ಅಂಶವನ್ನು ಕಲ್ಪಿಸಿತು. ಉಚ್ಚಂಗಿದುರ್ಗದಿಂದ ದಾವಣಗೆರೆ ದೂರವಲ್ಲ. ಆದರೆ ದಾವಣಗೆರೆ ಮೈಸೂರಿನದು, ಹರಪನಹಳ್ಳಿ ಮದ್ರಾಸಿನದು. ಒಂದೇ ಬಳಗದ ಅಕ್ಕತಂಗಿಯರಲ್ಲಿ ಗಡಿಯ ಆಚೆಯ ಮನೆಯವಳಿಗೆ ಅಂಶವುಂಟು, ಈಚೆಯ ಮನೆಯವಳಿಗೆ ಇಲ್ಲ ಎಂಬ ಸ್ಥಿತಿ ಎರಡು ದಶಕಕ್ಕೂ ಮೀರಿ ನಡೆಯಿತು. 1937ರ ಕೇಂದ್ರದ ಕಾಯಿದೆ ವಿಧವೆಗೆ ಗಂಡನ ಅಂಶದಲ್ಲಿ ಸೀಮಿತ ಹಕ್ಕು ಕೊಟ್ಟಿತೇ ವಿನಾ ಮಗಳನ್ನು ನೆನೆಯಲಿಲ್ಲ. ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದ್ದು 1953ರಲ್ಲಿ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಹೆಣ್ಣಿನ ಸೀಮಿತ ಹಕ್ಕನ್ನು ಪೂರ್ಣಹಕ್ಕನ್ನಾಗಿಸಿತು. ವಿಜ್ಞಾನೇಶ್ವರನ ಸ್ತ್ರೀಧನದ ಕಲ್ಪನೆ ಈ ಬಗೆಯಲ್ಲಿ ಮರಳಿ ಬಂದಿತೆನ್ನಬಹುದು. ಮಗಳು ತಂದೆಯ ಮೊದಲ ವರ್ಗದ ವಾರಸುದಾರಳಾದಳು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಲ್ಲಿಯೇ ಉಳಿಯಿತು. ಇದರ ಪರಿಣಾಮ ಲೆಕ್ಕದಿಂದ ತಿಳಿಯುತ್ತದೆ. ತಾಯಿ ಮೊದಲೇ ತೀರಿದ ಒಂದು ಮನೆಯಲ್ಲಿ ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆನ್ನೋಣ. ಪಿತ್ರಾರ್ಜಿತ ಹೊಲ 12 ಎಕರೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ತಲಾ 4 ಎಕರೆಯೆಂದು ಭಾವಿಸಬೇಕು. ಆಮೇಲೆ ತಂದೆಯ 4 ಎಕರೆ ಮಾತ್ರ ಮೂವರಲ್ಲಿ ಹಂಚಿಕೆ. ಮಗಳಿಗೆ ದೊರೆಯುವುದು ಸುಮಾರು 1 ಎಕರೆ 13 ಗುಂಟೆ, ಒಬ್ಬೊಬ್ಬ ಮಗನಿಗೆ ಸುಮಾರು 5 ಎಕರೆ 13 ಗುಂಟೆ. ಕಲ್ಯಾಣದ ವ್ಯಾಖ್ಯಾನಕಾರನು ಹೇಳಿದ ನಾಲ್ಕನೆಯ ಒಂದು ಭಾಗಕ್ಕೆ ಸ್ವತಂತ್ರ ಭಾರತದ ಈ ಫಲ ಎಷ್ಟು ಹತ್ತಿರವಾಯಿತೆಂಬುದನ್ನು ಓದುಗರೇ ಗಮನಿಸಬಹುದು.

ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಮಗಳನ್ನೂ ಹುಟ್ಟಿನಿಂದಲೇ ಸಹದಾಯಾದಿಯೆಂದು ಗುರುತಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವಳು ಹೊರಗುಳಿದಳು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನೂ ತೆಗೆಯಿತು. ಮೇಲಿನ ಉದಾಹರಣೆಯ ಮಗಳಿಗೆ ಈಗ ಅಣ್ಣಂದಿರಂತೆ 4 ಎಕರೆ.

ಆಮೇಲಿನ ವಿವಾದಗಳೂ ನಮ್ಮ ರಾಜ್ಯದ ಮನೆಗಳಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 2005ರಲ್ಲಿ ತಂದೆ ಬದುಕಿರಬೇಕಾಗಿತ್ತೆಂದು 2015ರ ಫೂಲವತಿ ಪ್ರಕರಣದಲ್ಲಿ ತೀರ್ಪಾಯಿತು. 2018ರ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲಿಯೇ ತೀರಿಕೊಂಡಿದ್ದರು. ಹೆಣ್ಣುಮಕ್ಕಳು 1956ಕ್ಕೆ ಮೊದಲು ಹುಟ್ಟಿದವರೆಂದು ಕೆಳಗಿನ ನ್ಯಾಯಾಲಯ ಅವರಿಗೆ ಪಾಲಿಲ್ಲವೆಂದಿತ್ತು, ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿತ್ತು. ಸರ್ವೋಚ್ಚ ನ್ಯಾಯಾಲಯವು ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಐದನೆಯ ಒಂದು ಭಾಗವನ್ನು ಕೊಟ್ಟಿತು. ಗುಡ್ಡಾಪುರದ ವರದಾನಿಯ ಹೆಸರಿನ ಹೆಣ್ಣುಮಗಳೊಬ್ಬಳು ಪಾಲಿಗಾಗಿ ದೆಹಲಿಯವರೆಗೆ ಹೋಗಬೇಕಾಯಿತೆಂಬುದು ನಮ್ಮ ಸಮಾಜ ಯೋಚಿಸಬೇಕಾದ ವಿಷಯ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಅವಳ ಹುಟ್ಟಿನಿಂದ ಬಂದುದು, ತಂದೆ 2005ರಲ್ಲಿ ಬದುಕಿರಬೇಕೆಂಬ ನಿಯಮವಿಲ್ಲ ಎಂದು ನಿರ್ಣಯಿಸಿತು. ಬಾಯಿಮಾತಿನ ಪಾಲನ್ನು ಸುಲಭವಾಗಿ ನಂಬಲಾಗದೆಂದೂ ಹೇಳಿತು. ಹಿರಿಯರ ಸಮಕ್ಷಮದಲ್ಲಿ ಬಾಯಿಮಾತಿನಿಂದಲೇ ಪಾಲು ಮುಗಿಸುವ ನಮ್ಮ ಸೀಮೆಗೆ ಈ ಮಾತು ಮುಖ್ಯ.

ಹುಟ್ಟಿನಿಂದ ಬರುವ ಹಕ್ಕು ಎಂಬ ವಿಜ್ಞಾನೇಶ್ವರನ ಸೂತ್ರವನ್ನು ಈ ತೀರ್ಪು ತಳ್ಳಿಹಾಕಲಿಲ್ಲ. ಅವನು ನಿಂತ ಹೊಸ್ತಿಲನ್ನು ದಾಟಿಸಿತು.

ನೆರೆಹೊರೆಯ ಧರ್ಮಗಳಲ್ಲಿ

ನಮ್ಮ ಊರುಗಳಲ್ಲಿ ಮುಸಲ್ಮಾನರೂ ಕ್ರೈಸ್ತರೂ ನೆರೆಯವರು. ಅವರ ವೈಯಕ್ತಿಕ ಕಾನೂನಿನ ಮಾತು ಬಂದರೆ ನಮ್ಮವರು ತಲಾಖಿನ ವಿಷಯವೊಂದನ್ನೇ ಎತ್ತುತ್ತಾರೆ. ಒಂದೇ ಉಸಿರಿನ ಮೂರು ತಲಾಖನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿದ್ದು ಸರಿಯಾದುದೇ. ಆದರೆ ದಾಯದ ವಿಷಯದಲ್ಲಿ ಇಸ್ಲಾಂ ಧರ್ಮಶಾಸ್ತ್ರವು ಏಳನೆಯ ಶತಮಾನದಲ್ಲಿಯೇ ಮಗಳಿಗೆ ಗೊತ್ತಾದ ಪಾಲನ್ನು ವಿಧಿಸಿತು. ಅದು ಮಗನ ಪಾಲಿನ ಅರ್ಧ. ಸಮಾನತೆಯಲ್ಲ, ನಿಜ. ಆದರೆ ಉಯಿಲಿನ ಮೂಲಕ ಮೂರನೆಯ ಒಂದಕ್ಕಿಂತ ಹೆಚ್ಚನ್ನು ಹೊರಗಿನವರಿಗೆ ಕೊಡಲಾಗದು. ಬೇರೆ ವಾರಸುದಾರರು ಒಪ್ಪದೆ ಒಬ್ಬ ವಾರಸುದಾರನಿಗೆ ಉಯಿಲು ಬರೆಯುವುದೂ ಸುನ್ನಿ ಸಂಪ್ರದಾಯದಲ್ಲಿ ಸಲ್ಲದು. ಹಿಂದೂ ತಂದೆಗಾದರೋ ತನ್ನ ಅಂಶವೆಲ್ಲವನ್ನೂ ಗಂಡುಮಕ್ಕಳ ಹೆಸರಿಗೆ ಉಯಿಲು ಬರೆಯಲು ಅಡ್ಡಿಯಿಲ್ಲ. ಈ ಒಂದು ಅಂಶದಲ್ಲಿ ನೆರೆಮನೆಯ ಮಗಳು ನಮ್ಮ ಮನೆಯ ಮಗಳಿಗಿಂತ ಹೆಚ್ಚು ಸುರಕ್ಷಿತಳು. ಇನ್ನೊಂದು ಸಂಗತಿ: 1937ರ ಷರೀಯತ್ ಅಧಿನಿಯಮವು ವ್ಯವಸಾಯದ ಭೂಮಿಯನ್ನು ಹೊರಗಿಟ್ಟಿತ್ತು. ಮದ್ರಾಸ್ ಪ್ರಾಂತವು 1949ರ ತಿದ್ದುಪಡಿಯಿಂದ ಅದನ್ನೂ ಒಳಗೆ ತಂದಿತು. ಆಗ ನಮ್ಮ ಸೀಮೆ ಮದ್ರಾಸಿನದು.

ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಲ್ಲಿ ಉಯಿಲಿಲ್ಲದೆ ಸತ್ತವನ ಮಗನಿಗೂ ಮಗಳಿಗೂ ಸಮಪಾಲು. ಕೇರಳದ ತಿರುವಾಂಕೂರಿನಲ್ಲಿ ಮಾತ್ರ ಹಳೆಯ ಕಾಯಿದೆಯಂತೆ ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದು ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು. 1986ರಲ್ಲಿ ಮೇರಿ ರಾಯ್ ಎಂಬ ಶಿಕ್ಷಕಿಯು ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದ ಮೇಲೆ ಆ ಕಾಯಿದೆಯ ಆಳ್ವಿಕೆ ಮುಗಿಯಿತು.

ಸಂವಿಧಾನದ 44ನೆಯ ಅನುಚ್ಛೇದವು ಸಮಾನ ನಾಗರಿಕ ಸಂಹಿತೆಯನ್ನು ಆದರ್ಶವಾಗಿ ಇಟ್ಟಿದೆ. ಆ ಸಂಹಿತೆ ಈ ಹಂತದಲ್ಲಿ ಅಗತ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲವೆಂದು 2018ರಲ್ಲಿ ಕಾನೂನು ಆಯೋಗವು ತನ್ನ ಸಮಾಲೋಚನಾ ಪತ್ರದಲ್ಲಿ ಅಭಿಪ್ರಾಯಪಟ್ಟಿತು. ಉತ್ತರಾಖಂಡವು 2024ರಲ್ಲಿ ತನ್ನದೊಂದು ಸಂಹಿತೆಯನ್ನು ರಚಿಸಿತು. ಸಂಹಿತೆ ಒಂದಿರಬೇಕೇ ಹಲವಿರಬೇಕೇ ಎಂಬುದನ್ನು ರಾಜಕಾರಣಿಗಳು ಚರ್ಚಿಸಲಿ. ಪರರ ಮನೆಯ ಲೋಪವನ್ನು ಎಣಿಸುವ ಮೊದಲು ನಮ್ಮ ಮನೆಯ ಪಾಲುಪಟ್ಟಿಯನ್ನು ನೋಡಿಕೊಳ್ಳುವುದು ಶರಣಮಾರ್ಗಕ್ಕೆ ಒಪ್ಪುವ ನಡೆ.

ತ್ಯಾಗವೆಂಬ ಹೆಸರಿನಲ್ಲಿ

ಕಾನೂನು ಇಷ್ಟು ದೂರ ಬಂದ ಮೇಲೂ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಒಂದು ಪತ್ರಕ್ಕೆ ಬೇಡಿಕೆ ತಗ್ಗಿಲ್ಲ. ಅದು ಹಕ್ಕು ಬಿಡುಗಡೆ ಪತ್ರ. ತಂದೆಯ ಪೌತಿ ಖಾತೆಯಾಗುವ ಮೊದಲು ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಸಹಿ ಹಾಕಿಸಿಕೊಂಡು ಕಳುಹಿಸುವುದು ಎಲ್ಲ ಜಾತಿ ಮತಗಳ ಮನೆಗಳಲ್ಲಿಯೂ ನಡೆಯುತ್ತದೆ. ಲಿಂಗವಂತರ ಮನೆಗಳೂ ಇದಕ್ಕೆ ಹೊರತಲ್ಲ. ಇದಕ್ಕೆ ಕೊಡುವ ಸಮರ್ಥನೆಗಳು ಮೂರು.

ಮದುವೆಯಲ್ಲಿಯೇ ಅವಳ ಪಾಲು ಸಂದಿದೆ ಎಂಬುದು ಮೊದಲನೆಯದು. ಮದುವೆಯಲ್ಲಿ ಸಂದದ್ದು ವರನ ಮನೆಗೆ. ಅವಳ ಹೆಸರಿನಲ್ಲಿ ಅದರ ಪಹಣಿ ಇಲ್ಲ. ವರದಕ್ಷಿಣೆಯು 1961ರಿಂದ ಅಪರಾಧ. ಅಪರಾಧವನ್ನು ಪಾಲಿನ ಲೆಕ್ಕಕ್ಕೆ ಹಿಡಿಯಲಾಗದು.

ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ಎರಡನೆಯದು. ಪಂಚಮಿ ಹಬ್ಬಕ್ಕೆ ಅಣ್ಣ ಬಂದು ಕರೆದೊಯ್ಯುವ ಸೌಭಾಗ್ಯವನ್ನು ನಮ್ಮ ಹೆಣ್ಣುಮಕ್ಕಳು ನಾಲ್ಕು ಎಕರೆಗಿಂತ ದೊಡ್ಡದೆಂದು ತಿಳಿಯುತ್ತಾರೆ. ಅವರ ಆ ಪ್ರೀತಿ ದೊಡ್ಡದೇ. ಆದರೆ ಆ ಪ್ರೀತಿಗೆ ಬೆಲೆ ಕಟ್ಟಿ ವಸೂಲು ಮಾಡುವವನು ಅಣ್ಣನೆಂಬ ಹೆಸರಿಗೆ ತಕ್ಕವನೇ?

ಮೂರನೆಯ ಸಮರ್ಥನೆ ನಮ್ಮ ಪಂಥಕ್ಕೇ ಸೇರಿದ್ದು. ಧನವೆಲ್ಲ ದಾಸೋಹಕ್ಕಾಗಿ, ಶರಣೆಗೆ ಆಸ್ತಿಯೇಕೆ, ಅಕ್ಕಮಹಾದೇವಿ ಅರಮನೆಯನ್ನೇ ತೊರೆದು ಹೋಗಲಿಲ್ಲವೇ ಎಂದು ಉಪದೇಶಿಸುವವರಿದ್ದಾರೆ. ಇದು ವಚನದ ಅಪವ್ಯಾಖ್ಯಾನ. ತನ್ನದನ್ನು ಬಿಡುವುದು ತ್ಯಾಗ. ತನ್ನದಾಗಲು ಬಿಡದಂತೆ ಮಾಡಿ, ಆಮೇಲೆ ಬಿಟ್ಟೆಯೆಂದು ಹೊಗಳುವುದು ವಂಚನೆ. ಅಕ್ಕನು ತೊರೆದುದು ತನ್ನ ಇಚ್ಛೆಯಿಂದ. ಅವಳ ಕೈಯಿಂದ ಯಾರೂ ಸಹಿ ಮಾಡಿಸಿಕೊಳ್ಳಲಿಲ್ಲ. ದಾಸೋಹವು ಧರ್ಮವಾದರೆ ಅದು ಅಣ್ಣನಿಗೂ ಧರ್ಮವೇ. ತಂಗಿಯ ತ್ಯಾಗದ ಫಲ ಅಣ್ಣನ ಖಾತೆಗೆ ಸೇರುವುದನ್ನು ದಾಸೋಹವೆಂದು ಕರೆಯಲಾಗದು.

ಕಾನೂನಿನಲ್ಲಿಯೂ ಕೊರತೆಗಳು ಉಳಿದಿವೆ. ಮಕ್ಕಳಿಲ್ಲದ ವಿಧವೆಯು ತಾನೇ ಗಳಿಸಿದ ಆಸ್ತಿ ಉಯಿಲಿಲ್ಲದಿದ್ದರೆ 1956ರ ಅಧಿನಿಯಮದ 15ನೆಯ ಪ್ರಕರಣದಂತೆ ಗಂಡನ ಕಡೆಯ ವಾರಸುದಾರರಿಗೆ ಮೊದಲು ಸೇರುತ್ತದೆ. ಅವಳ ಹೆತ್ತವರ ಸರದಿ ಅವರ ನಂತರ. ತಿದ್ದಬೇಕಾದುದು ಇನ್ನೂ ಇದೆ. ಆದರೆ ತಿದ್ದಿಯಾದ ಕಾನೂನನ್ನೇ ಪಡಸಾಲೆಯಲ್ಲಿ ಮುರಿಯುವವರಿಗೆ ಹೊಸ ತಿದ್ದುಪಡಿಯಿಂದ ಆಗುವುದೇನು?

ಹಳೆಯ ಬಸವಿಯು ಆಸ್ತಿಗಾಗಿ ಮದುವೆಯನ್ನು ಬಿಟ್ಟಳು. ಇಂದಿನ ಗೃಹಿಣಿಯು ತವರಿಗಾಗಿ ಆಸ್ತಿಯನ್ನು ಬಿಡುತ್ತಾಳೆ. ಮಗಳಾಗಿ ಹುಟ್ಟಿದವಳು ಮಗಳಾಗಿಯೇ ಉಳಿದು ತನ್ನ ಪಾಲನ್ನು ಪಡೆಯುವುದು ಇಬ್ಬರಿಗೂ ಸಾಧ್ಯವಾಗಲಿಲ್ಲ. ಮಠಗಳಲ್ಲಿ ನಡೆಯುವ ವಚನ ಪ್ರವಚನಗಳ ಶ್ರೋತೃಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಪಂಚಸೂತಕ ನಿರಾಕರಣೆಯನ್ನು ವಿವರಿಸುವ ಪ್ರವಚನಕಾರರು ಅದರ ಜೊತೆಗೆ ಈ ಒಂದು ಮಾತನ್ನೂ ಸೇರಿಸಿ ಹೇಳಬೇಕೆಂದು ಪ್ರಾರ್ಥನೆ: ಪಿಂಡವಿಲ್ಲದ ಧರ್ಮದಲ್ಲಿ ಪುತ್ರನಿಗೆ ವಿಶೇಷ ಅಧಿಕಾರವಿಲ್ಲ. ಲಿಂಗದಲ್ಲಿ ಸಮಪಾಲು ಕೊಟ್ಟವರು ನೆಲದಲ್ಲಿ ಸಮಪಾಲು ಕೊಡಲು ಹಿಂಜರಿಯಬಾರದು.